ಮೂರು ತಿಂಗಳು ಅಂದಳು ಚಿಗವ್ವ

17 ಆಗಸ್ಟ್ 2025, ಭಾನುವಾರ ರಾತ್ರಿ
ಗಂಗಾವತಿ

ಚಿಗವ್ವನ ಊರಿಂದ ಬಂದು ಎರಡು ತಾಸಾಯಿತು. ಊಟ ಸೇರಲಿಲ್ಲ. ಮಕ್ಕಳ ನೋಟ್‌ಬುಕ್ ತಿದ್ದಬೇಕಿತ್ತು, ಅದೂ ಆಗಲಿಲ್ಲ. ಸುಮ್ನೆ ಮಲಗಿದರೆ ನಿದ್ದೆ ಬರಲ್ಲ ಅಂತ ಗೊತ್ತು, ಅದಕ್ಕೆ ಬರೆಯೋಕೆ ಕೂತಿದ್ದೇನೆ.

ನಾನು, ಅಪ್ಪ ಹೋದಾಗ ಅವಳು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಹಸನು ಮಾಡುತ್ತಿದ್ದಳು. ಹಿಂದಿನ ಗೂಡಿನಲ್ಲಿ ಅವಳ ಎದೆಯ ಕ್ಯಾನ್ಸರಿಗೆ ತಂದ ಗಿಡಮೂಲಿಕೆ ಔಷಧಿಯ ಪೊಟ್ಟಣಗಳಿದ್ದವು. ಹಳೇ ಪೇಪರಿನಲ್ಲಿ ಕಟ್ಟಿ ಬಿಳಿ ದಾರ ಸುತ್ತಿದ್ದರು. ಎಣಿಸಿದೆ, ಹನ್ನೆರಡು. ವಾರಕ್ಕೊಂದಂತೆ. ನನ್ನ ತಮ್ಮ ಮಲೆನಾಡಿನ ಕಡೆ ಹೋಗಿ, ರಾತ್ರಿಯೆಲ್ಲ ಪಾಳಿ ಹಚ್ಚಿ ತಂದಿದ್ದಾನೆ. ಒಂದನ್ನು ಬಿಚ್ಚಿ ನೋಡಿದೆ. ಕೆಂಚು ಬಣ್ಣದ ತೊಗಟೆ ಚೂರು, ಅದರ ಜೊತೆ ಯಾವುದೋ ಪುಡಿ. ಮೂಸಿದರೆ ಮಳೆಯಲ್ಲಿ ನೆನೆದ ಕಟ್ಟಿಗೆ ವಾಸನೆ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಕುದಿಸಿ ಕುಡಿಯಬೇಕು, ಬದನೆಕಾಯಿ ತಿನ್ನಬಾರದು, ಹುಳಿ ಮುಟ್ಟಬಾರದು.

"ಮೂರ್ ತಿಂಗಳು ಇದನ್ನ ತಗೋತೀನಿ ತಂಗಿ. ಕಡಿಮಿ ಆಗ್ಲಿಲ್ಲಂದ್ರ ಆಮ್ಯಾಲೆ ನೋಡೂಣು. ದವಾಖಾನಿ ಎಲ್ಲಿ ಓಡಿ ಹೋಗ್ತೈತಿ?" ಅಂದಳು.

ದವಾಖಾನೆ ಓಡಿ ಹೋಗಲ್ಲ ಚಿಗವ್ವ, ಗಡ್ಡೆ ಕೂತಲ್ಲಿ ಕೂರಲ್ಲ. ಬಾಯಿ ತುದಿಗೆ ಬಂದಿತ್ತು, ಆಡಲಿಲ್ಲ.

ಬಯಾಪ್ಸಿ ರಿಪೋರ್ಟ್ ಬಂದು ಹತ್ತು ದಿನ. ಎಡ ಎದೆಯಲ್ಲಿ 2.8 ಸೆಂಟಿಮೀಟರ್ ಗಡ್ಡೆ, ಸ್ಕ್ಯಾನಿನಲ್ಲಿ ಬೇರೆ ಕಡೆ ಏನೂ ಕಂಡಿಲ್ಲ. ಎರಡನೇ ಹಂತ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಹಾರ್ಮೋನಿನ ರಿಪೋರ್ಟ್ ಇನ್ನೂ ಬರಬೇಕು, ಅದನ್ನು ನೋಡಿ ಮೊದಲು ಆಪರೇಷನ್ನೋ ಕಿಮೋನೋ ತೀರ್ಮಾನ ಮಾಡುತ್ತಾರಂತೆ. ಇದೇ ಗಡ್ಡೆ ಇಟ್ಟುಕೊಂಡು ಈ ಸಲವೂ ನಾಟಿಗೆ ಹೋಗಿದ್ದಾಳೆ. ಯಾರಿಗೂ ಹೇಳಿರಲಿಲ್ಲ.

ಅವಳ ತಲೆಯಲ್ಲಿ ಕೂತಿರೋದು ಓಣಿಯ ಒಬ್ಬ ಅಜ್ಜಿ. "ಕತ್ತಿ ಮುಟ್ಟಿಸಿದ್ರ ಹರಡ್ತೈತಿ. ಆ ಮುದುಕಿ ಆಪರೇಷನ್ ಆದ ಮ್ಯಾಲೆ ಆರು ತಿಂಗಳು ಇರಲಿಲ್ಲ ನೋಡು." ಆ ಅಜ್ಜಿ ನನಗೂ ಗೊತ್ತು. ಒಂದೂವರೆ ವರ್ಷ ಲೇಪ ಹಚ್ಚಿಕೊಂಡು, ಗಡ್ಡೆ ಒಡೆದು ಹುಣ್ಣಾಗಿ, ವಾಸನೆ ತಡೆಯೋಕಾಗದೆ ಕೊನೆಗೆ ಆಸ್ಪತ್ರೆಗೆ ಹೋದರು. ಲೇಪ ಹಚ್ಚಿದ ಒಂದೂವರೆ ವರ್ಷ ಯಾರ ನೆನಪಲ್ಲೂ ಇಲ್ಲ. ಆಪರೇಷನ್ ಒಂದೇ ನೆನಪಿದೆ. ಕೊನೆಗೆ ಕೈಹಾಕಿದವರ ಮೇಲೆಯೇ ಎಲ್ಲ ತಪ್ಪು ಬೀಳುತ್ತೆ. ಕತ್ತಿ ಮುಟ್ಟಿಸಿದ್ದಕ್ಕೆ ಹರಡಲ್ಲ, ಬಿಟ್ಟರೆ ಹರಡುತ್ತೆ ಅಂತ ಎಷ್ಟು ಸಲ ಹೇಳಿದೆನೋ. ತಲೆ ಆಡಿಸಿದಳು, ಒಪ್ಪಲಿಲ್ಲ.

ನಿನ್ನೆ ರಾತ್ರಿ ಮೊಬೈಲಿನಲ್ಲಿ ಓದಿದ್ದನ್ನು ಅವಳಿಗೆ ಹೇಳಲಾಗಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದು. ಕ್ಯಾನ್ಸರ್ ಬೇರೆ ಕಡೆ ಹರಡದೇ ಇದ್ದಾಗ ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಔಷಧಿ ಆರಿಸಿಕೊಂಡ 281 ಜನರ ಲೆಕ್ಕ. ಆಸ್ಪತ್ರೆ ಚಿಕಿತ್ಸೆ ತಗೊಂಡವರಿಗಿಂತ ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್ ಒಂದನ್ನೇ ತಗೊಂಡರೆ ಐದು ಪಟ್ಟಿಗೂ ಜಾಸ್ತಿ. ಓದಿ ಮೊಬೈಲ್ ಬೋರಲು ಹಾಕಿ ಎಷ್ಟೋ ಹೊತ್ತು ಕೂತಿದ್ದೆ.

ನನಗೆ ಗಿಡಮೂಲಿಕೆ ಮೇಲೆ ಸಿಟ್ಟಿಲ್ಲ. ನಾನು ಬೆಳೆದಿದ್ದೇ ಅದರ ವಾಸನೆಯಲ್ಲಿ. ಚಿಗವ್ವನ ತುಳಸಿ ಕಟ್ಟೆ ಪಕ್ಕ ನಿತ್ಯಪುಷ್ಪ ಇದೆ, ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದಿದ್ದು ಆ ಗಿಡದಿಂದಲೇ. ಕಿಮೋದಲ್ಲಿ ಕೊಡುವ ಪ್ಯಾಕ್ಲಿಟಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಒಂದು ಮರದ ತೊಗಟೆಯಲ್ಲಿ, ವರ್ಷಗಟ್ಟಲೆ ಪರೀಕ್ಷೆ ಮಾಡಿ 1992ರಲ್ಲಿ ಒಪ್ಪಿಗೆ ಕೊಟ್ಟರು. ಅಂದ್ರೆ ತೊಗಟೆ ಅನ್ನೋ ಕಾರಣಕ್ಕೆ ನಾನು ಬೇಡ ಅಂತಿಲ್ಲ. ಈ ಪೊಟ್ಟಣದಲ್ಲಿ ಯಾವ ತೊಗಟೆ, ಎಷ್ಟು, ಯಾರ ಮೇಲೆ ನೋಡಿದ್ದಾರೆ, ಎಷ್ಟು ಜನ ಉಳಿದರು, ಎಷ್ಟು ಜನ ಹೋದರು, ಇದನ್ನು ಯಾರು ಬರೆದಿಟ್ಟಿದ್ದಾರೆ? ವಾಸಿಯಾದವರು ವಾಪಸ್ ಬಂದು ಹೇಳುತ್ತಾರೆ. ಹೋದವರು ಬಂದು ಹೇಳ್ತಾರಾ?

ಅಷ್ಟು ಹೊತ್ತೂ ಅಪ್ಪ ಮಾತಾಡಿರಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದರು. ಚಿಗವ್ವ ಅವರ ಕಡೆ ತಿರುಗಿದಳು.

"ಮಾಮಾ, ನೀವರ ಹೇಳ್ರಿ. ನಿಮ್ಮ ಔಷಧಿಗೆ ಎಷ್ಟ್ ಮಂದಿ ಉಳದಾರ."

ಅಪ್ಪ ಕಾಮಾಲೆಗೆ ಔಷಧಿ ಕೊಡುತ್ತಾರೆ, ಇಲ್ಲಿ ಎಲ್ಲರಿಗೂ ಗೊತ್ತು. ಭಾನುವಾರ, ಗುರುವಾರ ಬೆಳಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡೋದು. ದುಡ್ಡು ಮುಟ್ಟಲ್ಲ. ಅಜ್ಜನಿಂದ ಬಂದಿದ್ದು. ಚಿಕ್ಕವಳಿದ್ದಾಗ ಬೆಳಗ್ಗೆ ಎದ್ದರೆ ಕಟ್ಟೆ ಮೇಲೆ ಹಳದಿ ಕಣ್ಣಿನ ಜನ ಕೂತಿರುತ್ತಿದ್ದರು. ಇವತ್ತು ಬೆಳಗ್ಗೆಯೂ ಮೂವರು ಬಂದಿದ್ದರು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಹೇಳಿದರು.

"ಕಾಮಾಲಿ ಇಳಿಯೂ ಬ್ಯಾನಿ ತಂಗಿ. ನಾ ಕೊಟ್ರೂ ಇಳಿತೈತಿ, ಕೊಡದಿದ್ರೂ ಬಾಳ ಮಂದಿಗೆ ಇಳಿತೈತಿ. ಪಥ್ಯ ಮಾಡ್ತಾರ, ವಿಶ್ರಾಂತಿ ತಗೋತಾರ, ಆರಾಮ ಆಗ್ತಾರ. ಹೊಟ್ಟಿ ಉಬ್ಬಿ ಬಂದವ್ರನ್ನ ನಾನ ದವಾಖಾನಿಗೆ ಕಳಸ್ತೀನಿ. ನಿಂದು ಇಳಿಯೂ ಬ್ಯಾನಿ ಅಲ್ಲ."

ನಲವತ್ತು ವರ್ಷದಲ್ಲಿ ಅಪ್ಪ ಹೀಗೆ ಹೇಳಿದ್ದು ನಾನು ಕೇಳಿಲ್ಲ. ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ವಾಸಿಯಾಗುತ್ತೆ ಅಂತ ಪುಸ್ತಕದಲ್ಲಿ ಓದಿ ನನಗೆ ಗೊತ್ತಿತ್ತು. ಅಪ್ಪನ ಎದುರು ಒಂದು ದಿನವೂ ಆಡಿರಲಿಲ್ಲ. ಅವರಿಗೂ ಗೊತ್ತಿತ್ತು ಅಂತ ಇವತ್ತು ಗೊತ್ತಾಯಿತು. ನನಗೆ ಅಳು ಬಂತು. ಒಳಗೆ ಹೋಗಿ ನೀರು ಕುಡಿದು ಬಂದೆ.

ಚಿಗವ್ವ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು, ಆದರೆ ಒಂದೂ ಎತ್ತಿ ಹಾಕುತ್ತಿರಲಿಲ್ಲ. ಆಮೇಲೆ ನಿಧಾನಕ್ಕೆ, ಅಪ್ಪನಿಗೆ ಕೇಳಿಸದ ಹಾಗೆ, "ಎದಿ ತಗದ ಬಿಡ್ತಾರೇನ ತಂಗಿ?" ಅಂದಳು.

ಇಷ್ಟು ದಿನ ನಾನು ಪುಡಿಯ ಜೊತೆ ಜಗಳ ಆಡುತ್ತಿದ್ದೆ. ಅವಳಿಗೆ ಇದ್ದ ಹೆದರಿಕೆ ಇದು. ಗಡ್ಡೆ ಚಿಕ್ಕದಿದ್ದರೆ ಅಷ್ಟನ್ನೇ ತೆಗೆದು ಕರೆಂಟ್, ಅಂದ್ರೆ ರೇಡಿಯೇಷನ್, ಕೊಡೋದೂ ಉಂಟು, ಅಲ್ಲಿಯ ಡಾಕ್ಟರನ್ನೇ ಕೇಳೋಣ ಅಂದೆ. ಕಿಮೋ ಸುಲಭ ಅಂತ ಸುಳ್ಳು ಹೇಳಲಿಲ್ಲ. ನಮ್ಮ ಶಾಲೆಯ ಮೇಡಂ ಒಬ್ಬರನ್ನು ನೋಡಿದ್ದೇನಲ್ಲ. 21 ದಿನಕ್ಕೊಮ್ಮೆ ಹೋಗಿ ಬರುತ್ತಿದ್ದರು. ಕೆಂಪು ಔಷಧಿ ಹಾಕಿದ ದಿನ ಉಚ್ಚೆಯೂ ಕೆಂಪಗೆ ಬಂದು ಹೆದರಿದ್ದರು. ಮೂರನೇ ವಾರಕ್ಕೆ ಕೂದಲು ದಿಂಬಿನ ಮೇಲೆ. ಬಾಯಿ ಹುಣ್ಣಾಗಿ ಮಜ್ಜಿಗೆ ಅನ್ನವೂ ಉರಿಯುತ್ತಿತ್ತು. ಶುಂಠಿ ಚೂರು ಬಾಯಲ್ಲಿಟ್ಟರೆ ವಾಕರಿಕೆ ಸ್ವಲ್ಪ ತಡೆಯುತ್ತೆ ಅಂತಿದ್ದರು, ಸಂಜೆ ಪ್ರಾಣಾಯಾಮ ಮಾಡಿದರೆ ಮೈಯಲ್ಲಿ ಒಂದಿಷ್ಟು ಬಲ ಬಂದ ಹಾಗೆ ಆಗುತ್ತಿತ್ತಂತೆ. ಅದನ್ನು ಡಾಕ್ಟರೂ ಬೇಡ ಅಂದಿರಲಿಲ್ಲ. ಈಗ ಅವರೇ ಮೊದಲ ಪಿರಿಯಡ್ ತಗೋತಾರೆ, ಕೂದಲು ಗುಂಗುರಾಗಿ ಬಂದಿದೆ.

"ಎರಡೂ ಕೂಡೇ ತಗೊಂಡ್ರ?" ಅಂದಳು.

ಬೇಡ ಅಂದೆ. ಕಿಮೋ ಔಷಧಿಯೂ ಲಿವರ್ ಮೇಲೆ ಬೀಳುತ್ತೆ, ಇದರಲ್ಲಿ ಏನಿದೆಯೋ, ಎರಡೂ ಸೇರಿ ಲಿವರಿಗೆ ಹೊಡೆದರೆ ಅವರು ಕಿಮೋನೇ ನಿಲ್ಲಿಸಬೇಕಾಗುತ್ತೆ. ಪೊಟ್ಟಣ ಎಸೆಯಬೇಡ, ಬ್ಯಾಗಿನಲ್ಲಿ ಇಟ್ಟುಕೋ, ಮುಚ್ಚಿಡದೆ ಡಾಕ್ಟರಿಗೆ ತೋರಿಸು ಅಂದೆ. ಅಪ್ಪ ಹೂಂ ಅಂದರು. ಅವಳು ಒಂದು ಪೊಟ್ಟಣ ತೆಗೆದು ಕೈಚೀಲಕ್ಕೆ ಹಾಕಿದಳು. ಉಳಿದ ಹನ್ನೊಂದನ್ನು ಗೂಡಿನಲ್ಲೇ ಬಿಟ್ಟಳು. ಅದರ ಅರ್ಥ ಏನು ಅಂತ ನಾನು ಕೇಳಲಿಲ್ಲ.

ಮಳೆ ಶುರುವಾಯಿತು ಈಗ. ಕರೆಂಟ್ ಹೋಗುವುದರೊಳಗೆ ಬರೆದು ಮುಗಿಸಬೇಕು.

ನಾಳೆ ಕಡೆಯ ಶ್ರಾವಣ ಸೋಮವಾರ, ಉಪವಾಸ ಇರ್ತೀನಿ ಅಂದಿದ್ದಾಳೆ. ಇರಲಿ. ಬುಧವಾರ ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುರುವಾರ ಬೆಳಗ್ಗೆ ಬೆಂಗಳೂರು. ಎರಡು ಎಕರೆ ಮಾರಬೇಕಾಗುತ್ತೇನೋ ಅನ್ನೋದು ತಮ್ಮನ ಚಿಂತೆ. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್‌ನಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತಗೊಂಡರಾಯಿತು ಅಂತ ಹೇಳಿ ಬಂದಿದ್ದೇನೆ. ಆದರೆ ಆಯುಷ್ಮಾನ್ ಕಾರ್ಡ್ ಇನ್ನೂ ಮಾಡಿಸಿಲ್ಲ. ಹೋದ ಸಲ ಗ್ರಾಮ ಒನ್‌ಗೆ ಹೋದಾಗ ಹೆಬ್ಬೆಟ್ಟು ಹಿಡಿಯಲಿಲ್ಲವಂತೆ. ಬರುವಾಗ ಅವಳ ಕೈ ಹಿಡಿದು ನೋಡಿದೆ. ಬೆರಳ ತುದಿಯಲ್ಲಿ ಗೆರೆಯೇ ಇಲ್ಲ, ಇಷ್ಟು ವರ್ಷ ಸಸಿ ಹಚ್ಚಿ ಸವೆದು ನುಣ್ಣಗಾಗಿದೆ. ಕಣ್ಣಿಂದ ತಗೋತಾರಂತೆ, ಆ ಮಷಿನ್ ಎಲ್ಲಿದೆ ಅಂತ ನಾಳೆ ಹೆಡ್‌ಮಾಸ್ಟರ್ ಹತ್ತಿರ ಅರ್ಧ ದಿನ ರಜೆ ಕೇಳಿ