ಹಿತ್ತಲಲ್ಲಿ ಮತ್ತೆ ಕತ್ತಲೆ: ಪತಂಗಗಳ ಕೆಲಸ ಎಲ್ಲಿಗೆ ಬಂತು

ಮನೆಯ ಹಿಂದಿನ ಜಾಗದಲ್ಲಿ ರಾತ್ರಿ ಹೊತ್ತು ನಿಜವಾಗಿ ಕತ್ತಲಾಗಬೇಕು, ಅಲ್ಲಿ ಪತಂಗಗಳು ಬದುಕಬೇಕು. ಈ ಹವ್ಯಾಸದ ಗುರಿ ಇಷ್ಟೇ. ಹೋದ ಸಲ ಬರೆದಾಗ ದೀಪಗಳ ಕೆಲಸ ಅರ್ಧಕ್ಕೆ ನಿಂತಿತ್ತು. ಈಗ ಅದು ಮುಗಿದಿದೆ. ತರಗೆಲೆ ಗುಡಿಸದೆ ಬಿಟ್ಟ ಮೂಲೆಯೂ ಒಂದು ಹದಕ್ಕೆ ಬಂದಿದೆ.

ಪತಂಗವೇ ಯಾಕೆ ಎಂದು ಕೆಲವರು ಕೇಳಿದ್ದರು. ಚಿಟ್ಟೆ ಎಂದರೆ ಎಲ್ಲರಿಗೂ ಇಷ್ಟ. ಆದರೆ ಲೋಕದಲ್ಲಿ ಈವರೆಗೆ ಹೆಸರಿಟ್ಟಿರುವ ಚಿಟ್ಟೆಗಳು ಸುಮಾರು 18,000 ಜಾತಿ, ಪತಂಗಗಳು ಸುಮಾರು 1,40,000. ರಾತ್ರಿ ಅರಳುವ ಎಷ್ಟೋ ಹೂಗಳ ಪರಾಗ ಇವುಗಳಿಂದಲೇ ಸಾಗುತ್ತದೆ. ಇವುಗಳ ಮರಿಹುಳಗಳನ್ನು ಹಕ್ಕಿಗಳು ಗೂಡಿಗೆ ಒಯ್ದು ಮರಿಗಳಿಗೆ ತಿನ್ನಿಸುತ್ತವೆ. ಇಷ್ಟೆಲ್ಲ ಮಾಡುವ ಜೀವಗಳು ನಮ್ಮ ಗೋಡೆಯ ಬಲ್ಬಿಗೆ ಬಡಿದು ಬಡಿದು ಸಾಯುವುದನ್ನು ನೋಡಿಕೊಂಡು ಸುಮ್ನೆ ಇರುವುದು ನನ್ನಿಂದ ಆಗಲಿಲ್ಲ.

ದೀಪಗಳು

ಮೊದಲು ಮಾಡಿದ್ದು ಆರಿಸುವ ಕೆಲಸ. ಯಾರೂ ಓಡಾಡದ ಕಡೆ ಇಡೀ ರಾತ್ರಿ ಉರಿಯುತ್ತಿದ್ದ ದೀಪಗಳು ಈಗ ಇಲ್ಲ. ಓಡಾಡುವ ಕಡೆ ಸೆನ್ಸರ್ ಹಾಕಿದ್ದೇನೆ. ಯಾರಾದರೂ ಬಂದರೆ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಆಮೇಲೆ ಮರೆ. ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಪ್ರತಿ ಬಲ್ಬಿನ ಮೇಲೂ ತಗಡಿನ ಟೋಪಿ ಕೂರಿಸಿದೆ. ಬಣ್ಣ ಬದಲಾಯಿಸಿದ್ದು ಕೊನೆಗೆ. ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಲೆಕ್ಕ ಬರೆದಿರುತ್ತದೆ. 6500 ಎಂದಿದ್ದರೆ ನೀಲಿ ಬೆರೆತ ಬಿಳಿ ಬೆಳಕು, ಹುಳಗಳು ಜಾಸ್ತಿ ಮುತ್ತುವುದು ಅದಕ್ಕೇ. 2200ರ ಹತ್ತಿರದ್ದು ಜೇನಿನ ಬಣ್ಣದ ಮಂದ ಬೆಳಕು. ಹೊರಗಿನ ದೀಪಗಳೆಲ್ಲ ಈಗ ಇದೇ. ತೆಗೆದ ಬಿಳಿ ಬಲ್ಬುಗಳು ಚೆನ್ನಾಗಿಯೇ ಇದ್ದವು, ಅವು ಮನೆಯೊಳಗಿನ ಕೋಣೆಗಳಿಗೆ ಹೋದವು. ಪರಿಸರದ ಹೆಸರಿನಲ್ಲಿ ಒಳ್ಳೆಯ ವಸ್ತುವನ್ನು ಎಸೆದು ಹೊಸದು ಕೊಳ್ಳುವುದರಲ್ಲಿ ನನಗೆ ನಂಬಿಕೆ ಇಲ್ಲ.

ನೆಲದಲ್ಲಿ ಹೂತು ಮೇಲಕ್ಕೆ ಬೆಳಕು ಬಿಡುತ್ತಿದ್ದ ಅಲಂಕಾರದ ದೀಪವೊಂದು ಇತ್ತು. ಅದನ್ನು ಕಿತ್ತು ಹಾಕುವ ಮೊದಲು ಒಂದು ರಾತ್ರಿ ಅದರ ಪಕ್ಕದಲ್ಲೇ ಕೂತು ನೋಡಿದೆ. ಒಂದು ಬೂದು ಪತಂಗ ನೇರವಾಗಿ ಹಾರಿ ಬಂತು. ದೀಪದ ಮೇಲಕ್ಕೆ ಬಂದ ಕೂಡಲೇ ಮಗುಚಿ, ಹೊಟ್ಟೆ ಮೇಲಾಗಿ, ದೊಪ್ಪನೆ ಬಿತ್ತು. ಎದ್ದು ಹಾರಿತು, ಮತ್ತೆ ಹಾಗೇ ಬಿತ್ತು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದಕ್ಕೆ ಕಾರಣ ಸಿಗುತ್ತದೆ. ಹೈ-ಸ್ಪೀಡ್ ಕ್ಯಾಮೆರಾದಲ್ಲಿ ಹುಳಗಳ ಹಾರಾಟ ಹಿಡಿದು ನೋಡಿದಾಗ, ಅವು ದೀಪದ ಕಡೆಗೆ ನುಗ್ಗುತ್ತಿರಲಿಲ್ಲ, ದೀಪಕ್ಕೆ ಬೆನ್ನು ಕೊಡುತ್ತಿದ್ದವು. ಲಕ್ಷಾಂತರ ವರ್ಷಗಳಿಂದ ರಾತ್ರಿಯಲ್ಲೂ ನೆಲಕ್ಕಿಂತ ಬೆಳಕಾಗಿರುವುದು ಆಕಾಶ. ಬೆಳಕಿರುವ ಕಡೆಗೆ ಬೆನ್ನು ಮಾಡಿದರೆ ಮೈ ನೆಟ್ಟಗಿರುತ್ತದೆ. ಈಗ ಪಕ್ಕದಲ್ಲೊಂದು ಬಲ್ಬ್ ಇದ್ದರೆ ಮೈ ಅದಕ್ಕೆ ತಕ್ಕಂತೆ ವಾಲುತ್ತದೆ, ಸುತ್ತು ಹೊಡೆಯುತ್ತಲೇ ಇರುತ್ತದೆ. ಬಲ್ಬ್ ಕೆಳಗಿದ್ದರೆ ಮಗುಚಿಕೊಳ್ಳುತ್ತದೆ. ದೀಪದ ಆಸೆಗೆ ಬಂದು ಸಾಯುತ್ತವೆ ಎಂದು ಹುಳಗಳ ಮೇಲೆ ತಪ್ಪು ಹೊರಿಸುತ್ತೇವಲ್ಲ, ಅದು ಅನ್ಯಾಯ. ಆಕಾಶ ಯಾವ ಕಡೆಗಿದೆ ಎಂದೇ ಅವಕ್ಕೆ ತಿಳಿಯದ ಹಾಗೆ ಮಾಡಿಟ್ಟವರು ನಾವು.

ಬೆಳಕಿನ ಮಾಲಿನ್ಯದ ವಿಷಯದಲ್ಲಿ ನನಗೆ ಧೈರ್ಯ ಕೊಡುವ ಸಂಗತಿ ಒಂದಿದೆ. ಸಮುದ್ರ ಸೇರಿದ ಪ್ಲಾಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ತರಲಾಗದು. ಗಾಳಿಗೆ ಹೋದ ಇಂಗಾಲ ಶತಮಾನಗಟ್ಟಲೆ ಉಳಿಯುತ್ತದೆ. ಬೆಳಕು ಹಾಗಲ್ಲ, ಸ್ವಿಚ್ ಒತ್ತಿದ ಕ್ಷಣವೇ ಹೋಗುತ್ತದೆ. ಆದರೂ ಇದು ಹೆಚ್ಚುತ್ತಲೇ ಇದೆ. ಜನ ಬರಿಗಣ್ಣಿಂದ ನಕ್ಷತ್ರ ನೋಡಿ ದಾಖಲಿಸಿದ್ದನ್ನು ಒಟ್ಟು ಮಾಡಿದ ಅಧ್ಯಯನವೊಂದು 2023ರಲ್ಲಿ ಬಂತು. 2011ರಿಂದ 2022ರವರೆಗೆ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 10ರ ಹತ್ತಿರ ಏರಿದೆ ಎನ್ನುತ್ತದೆ ಅದು. ಇಷ್ಟು ಸುಲಭವಾಗಿ ನಿಲ್ಲಿಸಬಹುದಾದದ್ದನ್ನೂ ನಾವು ನಿಲ್ಲಿಸುತ್ತಿಲ್ಲ ಅಂದರೆ ಸಂಕಟ ಆಗುತ್ತೆ, ಅಲ್ವಾ?

ಬಿಳಿ ಬಟ್ಟೆಯ ರಾತ್ರಿಗಳು

ಯಾವ ಪತಂಗಗಳು ಬರುತ್ತವೆ ಎಂದು ದಾಖಲಿಸಲು ಆಗಾಗ ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ದೀಪ ಇಡುತ್ತೇನೆ. ಆ ರಾತ್ರಿಗಳನ್ನು ಬೇಕೆಂದೇ ಕಡಿಮೆ ಇಟ್ಟಿದ್ದೇನೆ, ಯಾಕೆಂದರೆ ಅದೂ ಒಂದು ದೀಪವೇ. ಬೆಳದಿಂಗಳಲ್ಲಿ ಪತಂಗಗಳು ದೀಪಕ್ಕೆ ಬರುವುದು ಕಡಿಮೆ. ಹಾಗಾಗಿ ಅಮಾವಾಸ್ಯೆಯ ಆಸುಪಾಸು ನೋಡಿಕೊಳ್ಳುತ್ತೇನೆ. ಫೋಟೋಗಳು ಐನ್ಯಾಚುರಲಿಸ್ಟ್‌ಗೆ, ಅಂದರೆ ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಕ್ಕೆ, ಹೋಗುತ್ತವೆ. ಬೆಳಗಾಗುವ ಮೊದಲು ಬಟ್ಟೆಯನ್ನು ಮೆಲ್ಲಗೆ ಗಿಡಗಳ ಮೇಲೆ ಕೊಡವಲೇಬೇಕು, ಇಲ್ಲದಿದ್ದರೆ ಹಕ್ಕಿಗಳು ಬಂದು ಸಾಲಾಗಿ ಹೆಕ್ಕಿಬಿಡುತ್ತವೆ.

ಈಚೆಗೆ ಬಂದ ಅತಿಥಿ ಹಾಕ್ ಮಾತ್ ಎಂಬ ಜಾತಿಯ ಒಂದು ದೊಡ್ಡ ಪತಂಗ. ಕೊಡವುವ ಹೊತ್ತಿಗೆ ತಣ್ಣಗಿತ್ತು, ಅದು ಕೂಡಲೇ ಹಾರಲಿಲ್ಲ. ಬೆರಳ ಮೇಲೆ ಕೂತು ರೆಕ್ಕೆಗಳನ್ನು ಸಣ್ಣಗೆ, ಭರಭರನೆ ನಡುಗಿಸತೊಡಗಿತು. ಹಾರುವ ಸ್ನಾಯುಗಳನ್ನು ಹೀಗೆ ಬಿಸಿ ಮಾಡಿಕೊಂಡ ಮೇಲೇ ಅವು ಏಳುವುದು. ಆ ನಡುಕ ನನ್ನ ಮಣಿಕಟ್ಟಿನವರೆಗೂ ತಿಳಿಯುತ್ತಿತ್ತು. ಆಮೇಲೆ ಒಮ್ಮೆಲೇ ಬೆರಳು ಹಗುರಾಯಿತು.

ಹಾಗಾದರೆ ಪತಂಗಗಳು ಹೆಚ್ಚಾದವಾ? ಬಟ್ಟೆಗೆ ಬಂದವುಗಳನ್ನು ಎಣಿಸಿ ಈಗಲೇ ಹೌದು ಎನ್ನಲಾರೆ. ಮಳೆ, ಗಾಳಿ, ಸೆಕೆ ಎಲ್ಲದಕ್ಕೂ ಆ ಲೆಕ್ಕ ಏರಿಳಿಯುತ್ತದೆ. ಜರ್ಮನಿಯ ಕ್ರೆಫೆಲ್ಡ್‌ನ ಕೀಟಾಸಕ್ತರ ಸಂಘ ಇದಕ್ಕೆ ನನಗೆ ಮಾದರಿ. ಅವರಲ್ಲಿ ಬಹಳಷ್ಟು ಜನ ಹವ್ಯಾಸಿಗಳು. ಒಂದೇ ಬಗೆಯ ಬಲೆ ಕಟ್ಟಿ, ಬಿದ್ದ ಹುಳಗಳನ್ನು ಒಂದೇ ಕ್ರಮದಲ್ಲಿ ತೂಗಿ ದಶಕಗಟ್ಟಲೆ ಬರೆದಿಟ್ಟರು. 2017ರಲ್ಲಿ ಆ ಲೆಕ್ಕ ಹೊರಬಂದಾಗ ಲೋಕ ಬೆಚ್ಚಿತು. ಸಂರಕ್ಷಿತ ಜಾಗಗಳಲ್ಲೇ 27 ವರ್ಷಗಳಲ್ಲಿ ಹಾರುವ ಹುಳಗಳ ಒಟ್ಟು ತೂಕ ಮುಕ್ಕಾಲು ಪಾಲು ಇಳಿದಿತ್ತು. ಅವರು ಮೊದಲಿನಿಂದ ತೂಗಿ ಇಡದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ನಾನೂ ದೀಪ, ಬಟ್ಟೆ, ಜಾಗ ಯಾವುದನ್ನೂ ಬದಲಾಯಿಸುತ್ತಿಲ್ಲ.

ನಾನು ಸದ್ಯಕ್ಕೆ ನಂಬುವ ಗುರುತು ಬೇರೆ. ಮೊದಲು ಬೆಳಿಗ್ಗೆ ಗೋಡೆಯ ದೀಪದ ಕೆಳಗೆ ಉದುರಿದ ರೆಕ್ಕೆಗಳ ರಾಶಿ ಇರುತ್ತಿತ್ತು. ಹಲ್ಲಿಗಳು ಅಲ್ಲೇ ಬೀಡು ಬಿಟ್ಟಿದ್ದವು. ಈಗ ಪೊರಕೆಗೆ ಸಿಗುವುದು ಬರೀ ಧೂಳು.

ತರಗೆಲೆ

ಇದರಲ್ಲಿ ಕೆಲಸವೇ ಇಲ್ಲ, ಬಿಟ್ಟುಬಿಡುವುದೇ ಕೆಲಸ. ಎಷ್ಟೋ ಪತಂಗಗಳ ಮರಿಹುಳ ಕೆಳಗಿಳಿದು ತರಗೆಲೆಯಡಿ ಅಥವಾ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಎಲೆ ಗುಡಿಸಿ ಸುಟ್ಟರೆ ಮುಂದಿನ ಪೀಳಿಗೆಯನ್ನೇ ಸುಟ್ಟ ಹಾಗೆ, ಹೊಗೆ ಕುಡಿಯುವುದು ಬೇರೆ. ಕೀಟನಾಶಕವಂತೂ ನಮ್ಮಲ್ಲಿ ಪೂರ್ತಿ ಬಂದ್. ಗಿಡದ ಎಲೆಗಳಲ್ಲಿ ಮರಿಹುಳ ತಿಂದ ತೂತು ಕಂಡರೆ ಈಗ ಖುಷಿಯಾಗುತ್ತದೆ. ಅಂಚಿನಲ್ಲಿ ಬಿಲ್ಲೆಯಂತೆ ನುಣ್ಣಗೆ ಕತ್ತರಿಸಿದ್ದರೆ ಅದು ಎಲೆಕತ್ತರಿ ಜೇನಿನ ಕೆಲಸ, ಗೂಡಿಗೆ ಹಾಸಲು ಒಯ್ದಿರುತ್ತದೆ. ಸುತ್ತಮುತ್ತ ಔಷಧಿ ಹೊಡೆಯುವುದು ಇನ್ನೂ ನಿಂತಿಲ್ಲ, ಗಾಳಿ ಈ ಕಡೆ ಬೀಸಿದಾಗ ವಾಸನೆ ಬರುತ್ತದೆ. ಜೀವವೈವಿಧ್ಯ ಉಳಿಸಲು ಮಾಡಿಕೊಂಡ 2022ರ ಕುನ್ಮಿಂಗ್-ಮಾಂಟ್ರಿಯಲ್ ಒಪ್ಪಂದದಲ್ಲಿ ಕೀಟನಾಶಕಗಳ ಅಪಾಯವನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕೆಂದು ದೇಶಗಳು ಒಪ್ಪಿವೆ. ಆ ಅರ್ಧ ಎಲ್ಲೋ ದೂರದ ಹೊಲಗಳದ್ದು ಮಾತ್ರ ಅಲ್ಲ, ಮನೆಯಂಗಳಗಳದ್ದೂ ಹೌದು.

ಮುಂದೆ

ಹಿತ್ತಲಿಗೆ ಈಗ ಉಳಿದಿರುವ ದೊಡ್ಡ ಬೆಳಕು ಪಕ್ಕದ ಮನೆಯದು. ಅಲ್ಲಿನ ಅಜ್ಜಿಯ ಹತ್ತಿರ ಮಾತಾಡಿದೆ. "ಕತ್ತಲೆ ಆದ್ರೆ ಕಳ್ಳರ ಭಯ ಅಲ್ವೇನಪ್ಪಾ?" ಎಂದರು. ಆ ಭಯ ಸಣ್ಣದಲ್ಲ, ಒಬ್ಬರೇ ಇರುತ್ತಾರೆ. ನಮ್ಮ ಸೆನ್ಸರ್ ದೀಪ ತೋರಿಸಿದೆ. ಇಡೀ ರಾತ್ರಿ ಉರಿಯುವ ದೀಪಕ್ಕಿಂತ, ಯಾರೋ ಬಂದಾಗ ಫಕ್ಕನೆ ಹೊತ್ತುವ ದೀಪ ಬೇಗ ಕಣ್ಣಿಗೆ ಬೀಳುತ್ತದೆ ಎಂಬುದು ಅವರಿಗೂ ಸರಿ ಅನ್ನಿಸಿತು. ಸದ್ಯ ಒಂದು ದೀಪಕ್ಕೆ ಹಾಕಿ ನೋಡೋಣ ಎಂದಿದ್ದಾರೆ. ಈ ವಾರ ಟೋಪಿ, ಸೆನ್ಸರ್ ಎರಡೂ ಕೂರಿಸುತ್ತೇನೆ. ಕೂರಿಸುವ ಮೊದಲು ಅವರ ಗೋಡೆಯ ಬುಡದಲ್ಲಿ ಬೆಳಗಿನ ಫೋಟೋ ತೆಗೆದಿಟ್ಟುಕೊಳ್ಳಬೇಕು, ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.