ಆಮೆ ಬೆನ್ನಿಗೆ ಯಾವ ಕಡೆಯಿಂದ ಹತ್ತೋದು?

ಕಳೆದ ಭಾನುವಾರ ಅಣ್ಣನ ಮಗಳು ಮನೆಗೆ ಬಂದಿದ್ದಳು. ಊಟ ಆದಮೇಲೆ ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು, ಕೆಳಗಿನ ಎರಡು ಸಾಲನ್ನು ಬೆರಳಲ್ಲಿ ಎಣಿಸತೊಡಗಿದಳು.

"ಚಿಕ್ಕಪ್ಪ, ಒಬ್ಬನೇ ಮನುಷ್ಯ ಬರೆದಿದ್ದಾ ಇಷ್ಟೂ? ಇದನ್ನ ಎಲ್ಲಿಂದ ಶುರು ಮಾಡೋದು?"

ಅವಳು ಎಣಿಸಿದ್ದು ಇಪ್ಪತ್ತೊಂಬತ್ತು. ಸರಣಿಯಲ್ಲಿ ಒಟ್ಟು ಇರೋದು 41. ಇಂಗ್ಲಿಷ್ ಹಾಸ್ಯ ಕಾದಂಬರಿಕಾರ ಟೆರ್ರಿ ಪ್ರಾಚೆಟ್‌ನ ಡಿಸ್ಕ್‌ವರ್ಲ್ಡ್ ಸರಣಿ. ಮೊದಲನೆಯದು 1983ರಲ್ಲಿ ಬಂತು. ಕೊನೆಯದು 2015ರಲ್ಲಿ, ಆತ ತೀರಿಕೊಂಡ ಕೆಲವು ತಿಂಗಳ ಮೇಲೆ. ಅದರ ಲೋಕ ಅಂದರೆ ತಟ್ಟೆಯಂಥ ಚಪ್ಪಟೆ ಭೂಮಿ, ಅದನ್ನು ಹೊತ್ತ ನಾಲ್ಕು ಆನೆ, ಆನೆಗಳ ಕೆಳಗೆ ಆಕಾಶದಲ್ಲಿ ಈಜುವ ಒಂದು ದೊಡ್ಡ ಆಮೆ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂರ್ಮ, ದಿಗ್ಗಜ ಎಲ್ಲ ಅಜ್ಜಿ ಕಥೆಯಲ್ಲೇ ಮುಗಿಸಿದವರು ನಾವು. ಇವನ ಲೆಕ್ಕದಲ್ಲಿ ನಾಲ್ಕು ಆನೆ ಕಮ್ಮಿ, ಅಷ್ಟೇ.

ಅವಳ ಪ್ರಶ್ನೆಗೆ ಅವತ್ತು ನೆಟ್ಟಗೆ ಉತ್ತರ ಕೊಡಲಿಲ್ಲ. ಯಾಕಂದ್ರೆ ನಾನೇ ತಪ್ಪು ಕಡೆಯಿಂದ ಹತ್ತಿ ಜಾರಿ ಬಿದ್ದವನು.

ನಾನು ಮೊದಲು ಕೊಂಡದ್ದು ಮೊದಲನೆಯ ಪುಸ್ತಕವನ್ನೇ. ಸರಣಿ ಅಂದಮೇಲೆ ಒಂದರಿಂದ ತಾನೇ ಶುರು ಮಾಡಬೇಕು? ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತ್ತು, 'ದಿ ಕಲರ್ ಆಫ್ ಮ್ಯಾಜಿಕ್'. ಒಬ್ಬ ಪುಕ್ಕಲು ಮಾಂತ್ರಿಕ, ಒಬ್ಬ ಪ್ರವಾಸಿ, ನೂರಾರು ಕಾಲಿನ ಮೇಲೆ ಓಡಾಡುವ ಒಂದು ಪೆಟ್ಟಿಗೆ. ಅರವತ್ತು ಪುಟ ಓದಿದೆ. ಎಲ್ಲೋ ಯಾರೋ ನಗುತ್ತಿದ್ದಾರೆ, ನನಗೆ ಮಾತ್ರ ಕೇಳಿಸ್ತಾ ಇಲ್ಲ ಅನ್ನುವ ಹಾಗಿತ್ತು. ಪುಸ್ತಕ ಮುಚ್ಚಿಟ್ಟೆ. ನಾಲ್ಕು ವರ್ಷ ಮುಟ್ಟಲಿಲ್ಲ.

ಯಾಕೆ ಹಾಗಾಯ್ತು ಅಂತ ಗೊತ್ತಾಗಿದ್ದು ಒಂದು ಯಕ್ಷಗಾನದಲ್ಲಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಗೆಳೆಯನೊಬ್ಬನನ್ನು ಊರಿನ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಹಾಸ್ಯಗಾರ ಬಂದ, ಬಯಲಿಡೀ ಬಿದ್ದು ಬಿದ್ದು ನಗುತ್ತಿತ್ತು. ಇವನು ಮಾತ್ರ ಸುಮ್ನೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ. ಕನ್ನಡ ಅರ್ಥ ಆಗದೆ ಅಲ್ಲ. ಪ್ರಸಂಗ ಗೊತ್ತಿರಲಿಲ್ಲ ಅವನಿಗೆ. ರಾಜ ಹೇಗೆ ಮಾತಾಡಬೇಕು ಅಂತ ಗೊತ್ತಿದ್ದರೆ ತಾನೇ, ಹಾಸ್ಯಗಾರ ಅದನ್ನು ಅಣಕಿಸಿದಾಗ ನಗು ಬರೋದು?

ಪ್ರಾಚೆಟ್‌ನ ಮೊದಲ ಎರಡು ಪುಸ್ತಕ ಹಾಗೆ. ಕತ್ತಿ ಹಿಡಿದ ವೀರರು, ಮಂತ್ರವಾದಿಗಳು, ಡ್ರ್ಯಾಗನ್ನುಗಳು ತುಂಬಿದ ಹಳೇ ಇಂಗ್ಲಿಷ್ ಫ್ಯಾಂಟಸಿಯನ್ನು ಅವು ಗೇಲಿ ಮಾಡುತ್ತವೆ. ನಾನು ಆ ಸಾಹಿತ್ಯ ಓದಿದವನೇ ಅಲ್ಲ. ಮುಂದೆ ಮುಂದೆ ಅವನ ಕಣ್ಣು ಬೇರೆ ಕಡೆ ಹೊರಳಿತು: ಪೊಲೀಸು, ಅಂಚೆ ಕಚೇರಿ, ದೇವರು, ಪತ್ರಿಕೆ, ಬ್ಯಾಂಕು, ರೈಲು. ಇವೆಲ್ಲ ನಮಗೂ ಗೊತ್ತಿರೋವೇ. ಹಾಗಾಗಿ ನನ್ನ ಸೂತ್ರ ಇಷ್ಟೆ: ಅವನು ಯಾವುದನ್ನು ಆಡಿಕೊಳ್ಳುತ್ತಾನೋ, ಅದು ನಿಮಗೆ ಮೊದಲೇ ಚೆನ್ನಾಗಿ ಗೊತ್ತಿರುವ ಕಡೆಯಿಂದ ಹತ್ತಿ. ಇಸವಿ ಪ್ರಕಾರವೇ ಓದಬೇಕು ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗೋದಿಲ್ಲ. ಅವರು ಊಟಕ್ಕೂ ಉಪ್ಪಿನಿಂದಲೇ ಶುರು ಮಾಡುವವರು.

ನನಗೆ ಗೊತ್ತಿದ್ದದ್ದು ಸರ್ಕಾರಿ ನೈಟ್ ಶಿಫ್ಟ್.

ನಾನು ಆಗ ಮಲೆನಾಡಿನ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್ ಬುಕ್ಕಿನಲ್ಲಿ ರೀಡಿಂಗ್ ಬರೆಯಬೇಕು. ಲೈನ್ ಮೇಲೆ ಮರ ಬಿದ್ದು ಫೀಡರ್ ಟ್ರಿಪ್ ಆದರೆ, ಅಂದರೆ ಊರಿಗೆ ಹೋಗುವ ಲೈನ್ ತಾನಾಗೇ ಕಟ್ ಆದರೆ, ಫೋನು ಶುರು. ಆಗದಿದ್ದರೆ ಹೊರಗೆ ಮಳೆ, ಒಳಗೆ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು. ಅಂಥ ಒಂದು ಜುಲೈ ರಾತ್ರಿ, ಗೆಳೆಯನೊಬ್ಬ ಬಲವಂತವಾಗಿ ಕೈಗಿಟ್ಟಿದ್ದ 'ಗಾರ್ಡ್ಸ್! ಗಾರ್ಡ್ಸ್!' ತೆಗೆದೆ. 1989ರ ಪುಸ್ತಕ, ಸರಣಿಯಲ್ಲಿ ಎಂಟನೆಯದು.

ಆಂಖ್-ಮಾರ್ಪೋರ್ಕ್ ಅಂತ ಒಂದು ಕೊಳಕು ಮಹಾನಗರ. ಅದರ ರಾತ್ರಿ ಕಾವಲು ಪಡೆಯಲ್ಲಿ ಇರೋದೇ ಮೂರು ಜನ. ಕ್ಯಾಪ್ಟನ್ ವೈಮ್ಸ್ ಕುಡಿದು ಮಳೆಯಲ್ಲಿ ಚರಂಡಿಯಲ್ಲಿ ಬಿದ್ದಿದ್ದಾನೆ. ಊರಲ್ಲಿ ಕಳ್ಳರ ಸಂಘಕ್ಕೆ ಕಾನೂನಿನ ಮಾನ್ಯತೆ ಇದೆ. ವರ್ಷಕ್ಕೆ ಇಷ್ಟು ಕಳ್ಳತನ ಅಂತ ಕೋಟಾ, ಕದ್ದಮೇಲೆ ರಸೀದಿ. ಹಾಗಾಗಿ ಪೊಲೀಸರಿಗೆ ಕೆಲಸವೇ ಇಲ್ಲ. ಅಲ್ಲಿಗೆ ಕ್ಯಾರೆಟ್ ಅನ್ನುವ ಆರೂವರೆ ಅಡಿ ಹುಡುಗ ಹೊಸದಾಗಿ ಸೇರುತ್ತಾನೆ. ಹಳೇ ಕಾನೂನು ಪುಸ್ತಕ ಬಾಯಿಪಾಠ ಮಾಡಿಕೊಂಡು ಬಂದವನು ಹೋಗಿ ಹಿಡಿಯೋದು ಯಾರನ್ನ? ಕಳ್ಳರ ಸಂಘದ ಅಧ್ಯಕ್ಷನನ್ನೇ! ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಮೊದಲ ವಾರ ರೂಲ್ ಬುಕ್ ಹಿಡಿದು ಓಡಾಡೋದನ್ನ ನೋಡಿದವರಿಗೆ ಇದು ಕಥೆ ಅನ್ನಿಸೋದೇ ಇಲ್ಲ.

ನಡುವೆ ಒಂದು ದೃಶ್ಯ ಇದೆ. ಊರ ಮೇಲೆ ಎರಗಿದ ಡ್ರ್ಯಾಗನ್ನಿಗೆ ಬಾಣ ಬಿಡಬೇಕು. ಗುರಿ ತಾಗೋದು ಕಷ್ಟ, ಆದರೆ ಕಥೆಗಳಲ್ಲಿ ಹತ್ತು ಲಕ್ಷಕ್ಕೊಂದು ಅನ್ನೋ ಸಾಧ್ಯತೆ ಯಾವಾಗಲೂ ಫಲಿಸುತ್ತಲ್ಲ? ಇವರು ಲೆಕ್ಕ ಹಾಕುತ್ತಾರೆ. ಸಾಧ್ಯತೆ ಅಷ್ಟು ಕಮ್ಮಿ ಇಲ್ಲವಲ್ಲ, ಏನು ಮಾಡೋದು? ಬಿಲ್ಲುಗಾರನನ್ನು ಒಂಟಿ ಕಾಲಲ್ಲಿ ನಿಲ್ಲಿಸು, ಬಾಯಿಗೆ ಕರ್ಚೀಫು ತುರುಕು, ಹೇಗಾದರೂ ಸರಿಯಾಗಿ ಹತ್ತು ಲಕ್ಷಕ್ಕೊಂದು ಆಗಬೇಕು! ರಾತ್ರಿ ಎರಡೂವರೆಗೆ ನಾನು ಎಷ್ಟು ಜೋರಾಗಿ ನಕ್ಕೆ ಅಂದರೆ, ಬೆಂಚಿನ ಮೇಲೆ ಮಲಗಿದ್ದ ಲೈನ್‌ಮನ್ ಎದ್ದು ಕೂತ.

"ಏನ್ ಸಾರ್, ಟ್ರಿಪ್ ಆಯ್ತಾ?"

ಕೊನೆಗೆ ಊರು ಉಳಿಸಿದ್ದಕ್ಕೆ ಏನು ಬೇಕು ಅಂತ ಆಳುವವನು ಕೇಳುತ್ತಾನೆ. ಇವರು ಕೇಳಿದ್ದು ಸಂಬಳದಲ್ಲಿ ಸ್ವಲ್ಪ ಹೆಚ್ಚಳ, ಒಂದು ಹೊಸ ಕೆಟಲ್, ಒಂದು ಡಾರ್ಟ್ ಬೋರ್ಡ್. ಆ ಕೆಟಲ್ ಹತ್ತಿರ ಬಂದಾಗ ನಗು ನಿಂತು ಗಂಟಲು ಕಟ್ಟಿತು. ನಮ್ಮ ಕಂಟ್ರೋಲ್ ರೂಮಿನ ಕೆಟಲ್ ಕೆಟ್ಟು ಎಂಟು ತಿಂಗಳಾಗಿತ್ತು. ಎರಡು ಸಲ ಬರೆದುಕೊಟ್ಟಿದ್ದೆವು.

ಅದೇ ಸಾಲಿನ ಮುಂದಿನ ಪುಸ್ತಕ 'ಮೆನ್ ಅಟ್ ಆರ್ಮ್ಸ್'. ಅದರಲ್ಲಿ ವೈಮ್ಸ್‌ನ ಬೂಟಿನ ಲೆಕ್ಕ ಬರುತ್ತದೆ. ತಿಂಗಳ ಸಂಬಳ 38 ಡಾಲರ್. ಒಳ್ಳೇ ಬೂಟಿಗೆ 50, ಕಳಪೆ ಬೂಟಿಗೆ 10. ದುಡ್ಡಿದ್ದವನ ಬೂಟು ಹತ್ತು ವರ್ಷ ಬರುತ್ತದೆ. ಇಲ್ಲದವನು ಅಷ್ಟರಲ್ಲಿ ಕಳಪೆ ಬೂಟಿಗೇ ನೂರು ಡಾಲರ್ ಸುರಿದಿರುತ್ತಾನೆ, ಕಾಲು ಮಾತ್ರ ಒದ್ದೆ. ನಮ್ಮಪ್ಪ ಪ್ರತಿ ಮಳೆಗಾಲಕ್ಕೂ ಸಂತೆಯಲ್ಲಿ ಒಂದು ಕೊಡೆ ತರುತ್ತಿದ್ದರು. ಪ್ರತಿ ಗಣಪತಿ ಹಬ್ಬದ ಹೊತ್ತಿಗೆ ಅದರ ಕಡ್ಡಿ ಹೊರಗೆ ಬಂದಿರುತ್ತಿತ್ತು.

ಈ ಮನುಷ್ಯನಿಗೆ ಕಚೇರಿ ಅಂದರೆ ಏನು ಅಂತ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಅಂತ ಹುಡುಕಿದೆ. ಹದಿಹರೆಯದಲ್ಲೇ ಊರಿನ ಪತ್ರಿಕೆಗೆ ವರದಿಗಾರನಾಗಿ ಸೇರಿದ್ದ. ಆಮೇಲೆ? ಬ್ರಿಟನ್ನಿನ ವಿದ್ಯುತ್ ಮಂಡಳಿ! ಅಣು ವಿದ್ಯುತ್ ಸ್ಥಾವರಗಳ ಬಗ್ಗೆ ಪತ್ರಕರ್ತರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಕೆಲಸ. 1987ರಲ್ಲಿ ಬಿಟ್ಟು ಪೂರ್ತಿ ಬರವಣಿಗೆಗೆ ಕೂತ. ನಮ್ಮ ಇಲಾಖೆಯವನೇ ಅಂತ ಅವತ್ತಿನಿಂದ ನನಗೊಂದು ಅಭಿಮಾನ.

ಹಾಗಾಗಿ ಸರ್ಕಾರಿ ನೌಕರರಿಗೆ 'ಗಾರ್ಡ್ಸ್! ಗಾರ್ಡ್ಸ್!'. ಕರೆಂಟಿನವರು, ಅಂಚೆಯವರು, ಟೆಲಿಫೋನಿನವರಿಗೆ ಇನ್ನೂ ಒಂದಿದೆ. ಅದರ ಬಗ್ಗೆ ಹೇಳದೆ ಇರೋಕಾಗಲ್ಲ.

'ಗೋಯಿಂಗ್ ಪೋಸ್ಟಲ್', 2004. ನೇಣಿನಿಂದ ಪಾರಾದ ಒಬ್ಬ ಮೋಸಗಾರನನ್ನು ಪಾಳು ಬಿದ್ದ ಅಂಚೆ ಕಚೇರಿಗೆ ಪೋಸ್ಟ್ ಮಾಸ್ಟರ್ ಮಾಡುತ್ತಾರೆ. ಕಟ್ಟಡದ ತುಂಬ ಹಂಚದೆ ಉಳಿದ ಕಾಗದಗಳ ರಾಶಿ. ಎದುರಾಳಿ ಅಂದರೆ 'ಕ್ಲಾಕ್ಸ್' ಕಂಪನಿ. ಗುಡ್ಡದಿಂದ ಗುಡ್ಡಕ್ಕೆ ಗೋಪುರ ಕಟ್ಟಿ, ಬೆಳಕಿನ ಸಂಕೇತದಲ್ಲಿ ಸುದ್ದಿ ಕಳಿಸುವ ಜಾಲ. ಅದನ್ನು ಕಟ್ಟಿದವರ ಕೈಯಿಂದ ದುಡ್ಡಿನವರು ಕಿತ್ತುಕೊಂಡಿದ್ದಾರೆ. ರಿಪೇರಿಗೆ ಲೈನ್ ನಿಲ್ಲಿಸಿದರೆ ನಷ್ಟ. ಹಾಗಾಗಿ ನಿಲ್ಲಿಸೋದಿಲ್ಲ. ಹುಡುಗರು ಗೋಪುರದಿಂದ ಬಿದ್ದು ಸಾಯುತ್ತಾರೆ.

ನಮ್ಮಲ್ಲಿ ಲೈನ್‌ಮನ್ ಕಂಬ ಹತ್ತುವ ಮುಂಚೆ ಎಲ್.ಸಿ. ತೆಗೆದುಕೊಳ್ಳುತ್ತಾನೆ. ಲೈನ್ ಕ್ಲಿಯರ್, ಅಂದರೆ ಲೈನಿನಲ್ಲಿ ಕರೆಂಟ್ ಇಲ್ಲ ಅನ್ನುವ ಖಾತ್ರಿ. ನಾನು ಬ್ರೇಕರ್ ತೆಗೆದು, ಲೈನನ್ನು ಭೂಮಿಗೆ ಜೋಡಿಸಿ, ಪುಸ್ತಕದಲ್ಲಿ ಅವನ ಹೆಸರು, ಹೊತ್ತು ಬರೆದು, ಆಮೇಲೆ ಫೋನಿನಲ್ಲಿ ನಂಬರ್ ಹೇಳುತ್ತೇನೆ. ಅವನು ಕೆಳಗಿಳಿದು ವಾಪಸ್ ಕೊಡುವ ತನಕ ಯಾರೇ ಫೋನ್ ಮಾಡಿ ಬೈದರೂ ಲೈನಿಗೆ ಕರೆಂಟ್ ಬಿಡೋ ಹಾಗಿಲ್ಲ. ಮೇಲಿರುವವನ ಜೀವ ಇರೋದು ಆ ಒಂದು ಸಾಲಿನಲ್ಲಿ. ಪ್ರಾಚೆಟ್ ಇದನ್ನೆಲ್ಲ ನಗಿಸುತ್ತಾ ಬರೆಯುತ್ತಾನೆ, ನಗಿಸುತ್ತಲೇ ಹಲ್ಲು ಕಚ್ಚಿರುತ್ತಾನೆ. ಕ್ಲಾಕ್ಸ್‌ನವರದ್ದು ಒಂದು ಪದ್ಧತಿ ಇದೆ: ಕೆಲಸದಲ್ಲಿ ಸತ್ತವರ ಹೆಸರನ್ನು ಲೈನಿನಲ್ಲಿ ಕಳಿಸುತ್ತಾರೆ. ಕೊನೆಯ ಗೋಪುರ ಮುಟ್ಟಿದರೆ ಹೆಸರು ತಿರುಗಿ ಬರುತ್ತದೆ. ಎಲ್ಲೂ ನಿಲ್ಲೋದಿಲ್ಲ. 2015ರ ಮಾರ್ಚಿನಲ್ಲಿ ಪ್ರಾಚೆಟ್ ಹೋದಮೇಲೆ ಓದುಗರು ತಮ್ಮ ತಮ್ಮ ವೆಬ್ ಸರ್ವರ್‌ಗಳಲ್ಲಿ, ಕಣ್ಣಿಗೆ ಕಾಣದ ಒಂದು ಸಾಲಿನಲ್ಲಿ, ಅವನ ಹೆಸರನ್ನು ಹಾಗೇ ಸೇರಿಸಿದರು. ಈಗಲೂ ಓಡಾಡುತ್ತಿದೆ.

ಉಳಿದದ್ದು ಬೇಗ ಹೇಳಿಬಿಡ್ತೇನೆ. ಕೋಣದ ಮೇಲೆ ಬರುವ ಯಮನನ್ನು ಸಿನಿಮಾದಲ್ಲಿ ನೋಡಿ ನಕ್ಕವರು 'ಮಾರ್ಟ್' ಹಿಡಿಯಿರಿ. ಇವನ ಯಮನಿಗೆ ಬಿಳಿ ಕುದುರೆ, ಅದರ ಹೆಸರು ಬಿಂಕಿ. ಬೆಕ್ಕು ಅಂದರೆ ಪ್ರೀತಿ, ಕರಿ ಅಂದರೆ ಬಾಯಲ್ಲಿ ನೀರು. ಕೆಲಸಕ್ಕೆ ಆಳು ಆರಿಸುವ ಜಾತ್ರೆಯಲ್ಲಿ ಮಧ್ಯರಾತ್ರಿ ತನಕ ಯಾರಿಗೂ ಬೇಡವಾದ ಒಬ್ಬ ಹುಡುಗನನ್ನು ಬಂದು ಸೇರಿಸಿಕೊಳ್ಳುತ್ತಾನೆ. ಅವನ ಮಾತು ಮಾತ್ರ ಇಂಗ್ಲಿಷಿನಲ್ಲಿ ಪೂರ್ತಿ ದೊಡ್ಡಕ್ಷರದಲ್ಲಿ ಅಚ್ಚಾಗುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವಲ್ಲ, ಕನ್ನಡಕ್ಕೆ ತಂದರೆ ಏನು ಮಾಡೋದು ಅಂತ ನಾನು ಎಷ್ಟೋ ರಾತ್ರಿ ಸುಮ್ನೆ ಯೋಚಿಸಿದ್ದೇನೆ.

ನಾಟಿ ಔಷಧಿ ಕೊಡುವ, ಬಾಯಿ ಜೋರಿನ, ಊರೇ ಹೆದರುವ ಅಜ್ಜಿಯೊಬ್ಬರು ನಿಮಗೆ ಗೊತ್ತಾ? ಹಾಗಾದರೆ 'ವೀರ್ಡ್ ಸಿಸ್ಟರ್ಸ್'. ಮ್ಯಾಕ್‌ಬೆತ್ ಕಥೆ ಸ್ವಲ್ಪ ಗೊತ್ತಿದ್ದರೆ ಇನ್ನೂ ಮಜ. ಮನೆಯಲ್ಲಿ ಮಕ್ಕಳಿದ್ದರೆ 'ದಿ ವೀ ಫ್ರೀ ಮೆನ್'. ಒಂಬತ್ತು ವರ್ಷದ ಹುಡುಗಿ ತಮ್ಮನನ್ನೇ ಗಾಳಕ್ಕೆ ಸಿಕ್ಕಿಸಿದ ಹುಳದ ಹಾಗೆ ಕೂರಿಸಿ, ಹೊಳೆಯಿಂದ ಎದ್ದ ರಾಕ್ಷಸಿಗೆ ಬಾಣಲೆಯಲ್ಲಿ ಬಾರಿಸುತ್ತಾಳೆ.

'ನೈಟ್ ವಾಚ್' ಎಲ್ಲಕ್ಕಿಂತ ದೊಡ್ಡದು ಅಂತ ಬಹಳ ಜನ ಹೇಳ್ತಾರೆ, ನಾನೂ ಹೇಳ್ತೇನೆ. ಆದರೆ ಮೊದಲು ಓದಬೇಡಿ. ಚರಂಡಿಯಲ್ಲಿ ಬಿದ್ದ ವೈಮ್ಸ್‌ನನ್ನು ನೋಡದೆ ಅಲ್ಲಿಗೆ ಹೋದರೆ ಅರ್ಧ ರುಚಿ. ಕೊನೆಯ ಎರಡು ಪುಸ್ತಕದಿಂದಲೂ ಬೇಡ. ಅಲ್ಜೈಮರ್‌ನ ಒಂದು ಅಪರೂಪದ ಬಗೆ ಬಂದಿದೆ ಅಂತ ಅವನೇ 2007ರಲ್ಲಿ ಹೇಳಿಕೊಂಡಿದ್ದ. ಆ ಎರಡರಲ್ಲಿ ವಾಕ್ಯಗಳು ಅಲ್ಲಲ್ಲಿ ಸಡಿಲ. ಅವನನ್ನು ಪ್ರೀತಿಸಿದ ಮೇಲೆ ಓದುವಂಥವು ಅವು.

ಇನ್ನೊಂದು ಎಚ್ಚರಿಕೆ. ಹೆಚ್ಚಿನ ಪುಸ್ತಕಗಳಲ್ಲಿ ಅಧ್ಯಾಯಗಳೇ ಇಲ್ಲ. ಈ ಅಧ್ಯಾಯ ಮುಗಿಸಿ ಮಲಗ್ತೇನೆ ಅನ್ನೋಕೆ ಜಾಗವೇ ಸಿಗೋದಿಲ್ಲ.

ನಮ್ಮ ಹುಡುಗಿ ವಿಷಯಕ್ಕೆ ಬಂದರೆ, ಅವಳಿಗೆ ಕಚೇರಿ ಗೊತ್ತಿಲ್ಲ, ಇನ್ನೂ ಬಿ.ಕಾಂ. ಎರಡನೇ ವರ್ಷ. ಆದರೆ ಅವಳ ಮನೆಯಲ್ಲಿ ದಿನಾ ಎರಡು ಗಂಟೆ ಪೂಜೆ. "ದೇವರಿಗೆ ಇದೆಲ್ಲ ಬೇಕಂತ ಯಾರು ಹೇಳಿದ್ದು?" ಅಂತ ಅವಳು ಅಪ್ಪನ ಹತ್ತಿರ ಬೈಸಿಕೊಳ್ಳೋದು ನಾನೇ ನೋಡಿದ್ದೇನೆ. ಹಾಗಂತ ಪರೀಕ್ಷೆ ದಿನ ಗಣಪತಿಗೆ ಕೈ ಮುಗಿಯದೆ ಹೊರಡುವವಳಲ್ಲ. ಯೋಚಿಸಿ, ಬುಧವಾರ ಬಸ್ಸಿನಲ್ಲಿ 'ಸ್ಮಾಲ್ ಗಾಡ್ಸ್' ಕಳಿಸಿಕೊಟ್ಟೆ. 1992ರದ್ದು, ಬೇರೆ ಯಾವುದನ್ನೂ ಓದಿರಬೇಕಾಗಿಲ್ಲ. ಓಮ್ ಅನ್ನುವ ದೊಡ್ಡ ದೇವರು ಭೂಮಿಗೆ ಇಳಿದರೆ ಸಿಕ್ಕಿದ್ದು ಆಮೆಯ ದೇಹ. ಲಕ್ಷಾಂತರ ಜನ ಅವನ ಹೆಸರಲ್ಲಿ ಪೂಜೆ ಮಾಡ್ತಾರೆ, ದಂಡಿಸ್ತಾರೆ, ಯುದ್ಧ ಮಾಡ್ತಾರೆ. ನಿಜವಾಗಿ ನಂಬಿದವನು ಒಬ್ಬನೇ ಒಬ್ಬ, ಓದು ಬರಹ ಬಾರದ ಒಬ್ಬ ಹುಡುಗ, ಕಲ್ಲಂಗಡಿ ಪಾತಿಯಲ್ಲಿ ಕಳೆ ತೆಗೆಯುತ್ತಿರುತ್ತಾನೆ.

ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ಮೆಸೇಜ್ ಬಂತು. "ಚಿಕ್ಕಪ್ಪ, ಹದ್ದು ದೇವರನ್ನ ಎತ್ತಿ ಗೊಬ್ಬರದ ಗುಂಡಿಗೆ ಎಸೀತು!! ಅಪ್ಪಂಗೆ ಹೇಳ್ಬೇಡಿ."