ಮನಿಲಾ ಸುತ್ತಾಟ: ನಾಲ್ಕನೇ ತಿಂಗಳ ಲೆಕ್ಕ

ಭಾನುವಾರಕ್ಕೊಂದು ಜಾಗ, ಜಾಗಕ್ಕೊಂದು ಪುಟ ಅಂತ ಶುರು ಮಾಡಿದ್ದೆ. ಮಳೆ ಐದು ಭಾನುವಾರ ನುಂಗಿತು, ಹಾಗಾಗಿ ನೋಟ್‌ಬುಕ್ಕಿನಲ್ಲಿ ಹನ್ನೊಂದೇ ಪುಟ ತುಂಬಿವೆ. ಒಂದು ಪುಟದ ಶಾಯಿಯಂತೂ ಪೂರ್ತಿ ಕದಡಿಹೋಯಿತು. ಈಗ ಬರೀ ಪೆನ್ಸಿಲ್.

ಎರಡನೇ ತಿಂಗಳಿಂದ ಪ್ರತಿ ಪುಟದ ಮೂಲೆಯಲ್ಲಿ 'ಹಳೇದು' ಇಲ್ಲವೇ 'ಮತ್ತೆ ಕಟ್ಟಿದ್ದು' ಅಂತ ಗುರುತು ಹಾಕುತ್ತಿದ್ದೇನೆ. ಸುಲಭದ ಕೆಲಸ ಅಂದುಕೊಂಡಿದ್ದೆ, ತಲೆ ತಿನ್ನುತ್ತಿರುವುದು ಅದೇ.

ಮನಿಲಾದ ಹಳೇ ಭಾಗ ಇಂತ್ರಾಮುರೋಸ್, ಎಂದರೆ ಗೋಡೆಯೊಳಗಿನ ಊರು. ಸ್ಪೇನಿನವರು 1571ರಲ್ಲಿ ಇಲ್ಲಿ ನೆಲೆಯೂರಿದರು. 1945ರ ಫೆಬ್ರವರಿಯಲ್ಲಿ ಜಪಾನಿ ಸೇನೆಗೂ ಅಮೆರಿಕನ್ನರಿಗೂ ಒಂದು ತಿಂಗಳು ಕಾದಾಟ ನಡೆದು ಊರು ನೆಲಸಮವಾಯಿತು. ಸತ್ತ ನಾಗರಿಕರೇ ಸುಮಾರು 1 ಲಕ್ಷ. ಗೋಡೆಯೊಳಗಿದ್ದ ಏಳು ಚರ್ಚುಗಳಲ್ಲಿ ನಿಂತುಳಿದದ್ದು ಒಂದೇ, 1607ರ ಸಾನ್ ಅಗಸ್ಟಿನ್. ಖುಷಿಯಿಂದ 'ಹಳೇದು' ಅಂತ ಬರೆದೆ. ಆಮೇಲೆ ನೋಡಿದರೆ ಪಕ್ಕದ ಮಠ ಆ ಯುದ್ಧದಲ್ಲೇ ಹಾಳಾಗಿ, 1970ರ ದಶಕದಲ್ಲಿ ಎದ್ದದ್ದು. ಚರ್ಚಿನೊಳಗಿನ ಚಾವಣಿ ಇನ್ನೂ ಮೋಸದ್ದು. ಕಲ್ಲಲ್ಲಿ ಕೆತ್ತಿದ ಹೂಬಳ್ಳಿ ಅಂದುಕೊಂಡು ಕತ್ತು ನೋಯುವಷ್ಟು ಹೊತ್ತು ನೋಡಿದೆ. ಎಲ್ಲ ಬರೀ ಬಣ್ಣ! ಇಬ್ಬರು ಇಟಾಲಿಯನ್ನರು 1875ರಲ್ಲಿ ಬರೆದದ್ದು.

ಎದುರಿನ ಕಾಸಾ ಮನಿಲಾ 1850ರ ಕಾಲದ ಮನೆಯೊಂದರ ನಕಲು, ಕಟ್ಟಿದ್ದು 1980ರ ದಶಕದಲ್ಲಿ. ಗುರುತು ಹಾಕಲು ಯೋಚಿಸಬೇಕಾಗಲಿಲ್ಲ. ಆದರೆ ಅಲ್ಲಿಂದ ಬೇಗ ಏಳಲು ಆಗದ್ದು ಕಿಟಕಿಗಳಿಂದ. ಗಾಜಿನ ಬದಲು ಕಪಿಸ್ ಎಂಬ ಚಿಪ್ಪಿನ ಬಿಲ್ಲೆಗಳು, ಅಂಗೈಗಿಂತ ಚಿಕ್ಕವು. ಮಧ್ಯಾಹ್ನದ ಸುಡುಬಿಸಿಲು ಅವುಗಳಿಂದ ಸೋಸಿ ಗಂಜಿತಿಳಿಯ ಬಣ್ಣದಲ್ಲಿ ನೆಲಕ್ಕೆ ಬೀಳುತ್ತದೆ.

ಸಾಂತಿಯಾಗೋ ಕೋಟೆಗೆ ಮೂರು ಸಲ ಹೋದೆ. ಸ್ಪೇನಿನ ಆಳ್ವಿಕೆಯನ್ನು ಟೀಕಿಸಿ ಬರೆದ ಫಿಲಿಪ್ಪೀನ್ಸ್ ಲೇಖಕ ಹೊಸೆ ರಿಸಾಲ್‌ನನ್ನು ಕೊನೆಯ ದಿನಗಳಲ್ಲಿ ಸೆರೆ ಇಟ್ಟದ್ದು ಇಲ್ಲೇ. 1896ರ ಡಿಸೆಂಬರ್ 30ರ ಬೆಳಿಗ್ಗೆ, ಮೊಣಕೈ ಹಿಂದಕ್ಕೆ ಕಟ್ಟಿ, ಬಾಗುಂಬಾಯನ್ ಮೈದಾನಕ್ಕೆ ನಡೆಸಿಕೊಂಡು ಹೋಗಿ ಗುಂಡಿಟ್ಟರು. ಅವನಿಗಾಗ 35 ವರ್ಷ. ಅವನು ನಡೆದ ದಾರಿಯಲ್ಲಿ ಲೋಹದ ಹೆಜ್ಜೆಗುರುತು ಹುದುಗಿಸಿದ್ದಾರೆ. ಒಂದರ ಮೇಲೆ ಕಾಲಿಡಲು ಹೋಗಿ, ಯಾಕೋ ಮನಸ್ಸು ಬಾರದೆ ಪಕ್ಕದಲ್ಲೇ ನಡೆದೆ. ಹೆಜ್ಜೆ ಈಚಿನವು, ದಾರಿ ಹಳೇದು. ಮೂಲೆ ಖಾಲಿ ಬಿಟ್ಟಿದ್ದೇನೆ.

ಮನಿಲಾ ಹತ್ತಿರದ ಊರು ಕವಿತ್‌ನಲ್ಲೂ ಇದೇ ಫಜೀತಿ. 1898ರ ಜೂನ್ 12ರಂದು ಸ್ಪೇನಿನಿಂದ ಸ್ವಾತಂತ್ರ್ಯದ ಘೋಷಣೆ ಓದಿದ್ದು ದಂಗೆಯ ನಾಯಕ ಅಗಿನಾಲ್ಡೋ ಮನೆಯ ಕಿಟಕಿಯಿಂದ. ಈಗ ಎಲ್ಲರೂ ಫೋಟೋ ತೆಗೆಯುವ ಬಾಲ್ಕನಿ ಆಗ ಇರಲೇ ಇಲ್ಲ, ಆಮೇಲೆ ಸೇರಿಸಿದ್ದು. ಹಳೆಯ 5 ಪೆಸೊ ನೋಟಿನ ಹಿಂಬದಿಯಲ್ಲೂ ಬಾಲ್ಕನಿಯೇ! ನಾನೂ ಅದರದೇ ಫೋಟೋ ತೆಗೆದೆ, ಸುಳ್ಳೇಕೆ ಹೇಳಲಿ.

ಕಳೆದ ವಾರದ್ದು ಸಾನ್ ಡಿಯಾಗೋ ಬುರುಜು. ಬೂದಿಬಣ್ಣದ ಅಡೋಬೆ ಕಲ್ಲು. ಒಳಗೆ 1580ರ ದಶಕದ ದುಂಡು ಕೋಟೆಯ ಬುನಾದಿ, ಒಂದರೊಳಗೊಂದು ಉಂಗುರ. 1762ರಲ್ಲಿ ಬ್ರಿಟಿಷರು ಗೋಡೆ ಒಡೆದು ನುಗ್ಗಿದ್ದು ಈ ಭಾಗದಲ್ಲೇ. ಆ ಪಡೆ ಹೊರಟದ್ದು ಮದ್ರಾಸಿನಿಂದ, ಜೊತೆಗೆ ನಮ್ಮ ದಕ್ಷಿಣದ ಸಿಪಾಯಿಗಳೂ ಇದ್ದರು. 1764ರಲ್ಲಿ ಬ್ರಿಟಿಷರು ಹೊರಟಾಗ ಕೆಲವು ಸಿಪಾಯಿಗಳು ವಾಪಸ್ ಹೋಗದೆ ಕಾಯಿಂತಾ ಎಂಬ ಊರಲ್ಲಿ ಉಳಿದು, ಅಲ್ಲಿನ ಹೆಣ್ಣುಮಕ್ಕಳನ್ನೇ ಮದುವೆಯಾದರು.

ಹನ್ನೆರಡನೇ ಪುಟಕ್ಕೆ ಕಾಯಿಂತಾ ಅಂತ ತಲೆಬರಹ ಬರೆದಿಟ್ಟಾಗಿದೆ. ಈ ಭಾನುವಾರ ಮಳೆ ಬಂದರೂ ಕೊಡೆ ಹಿಡಿದು ಇಲ್ಲಿನ ಜೀಪಿನಂಥ ಬಸ್ಸು ಜೀಪ್ನಿ ಹತ್ತುವುದೇ.